ಮೂಗಿನ ಮೂಲಕ ಸಿಎಸ್‌ಎಫ್ ಸೋರಿಕೆ ಮುಚ್ಚುವುದು: ತೂತು ಹುಡುಕುವುದರಿಂದ ಪ್ಯಾಕ್ ತೆಗೆಯುವವರೆಗೆ

ಒಂದೇ ಹೊಳ್ಳೆಯಿಂದ, ಅದೂ ಬಗ್ಗಿದಾಗ, ಸೀನು ತುರಿಕೆ ಏನೂ ಇಲ್ಲದೆ ನೀರು ತೊಟ್ಟಿಕ್ಕುತ್ತಿದ್ದರೆ ಅದನ್ನು ಸಿಎಸ್‌ಎಫ್ (ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರು) ಎಂದೇ ಹಿಡಿದು ಹೊರಡಿ. ಕಸ ಗುಡಿಸುವಾಗ ಬೀಳುತ್ತದೆ, ಗಂಟಲಲ್ಲಿ ಉಪ್ಪುಪ್ಪು ರುಚಿ ಬರುತ್ತದೆ, ಬೆಳಗ್ಗೆ ದಿಂಬು ಒದ್ದೆಯಾಗಿರುತ್ತದೆ ಎನ್ನುವವರಲ್ಲಿ ಹಲವರು ತಿಂಗಳುಗಟ್ಟಲೆ ಸೆಟ್ರಿಜಿನ್ ನುಂಗಿಯೇ ಬಂದಿರುತ್ತಾರೆ. ಮೂಗಿಗೂ ಮೆದುಳಿನ ಹೊದಿಕೆಗೂ ನಡುವೆ ತೆರೆದುಕೊಂಡ ದಾರಿ ಅದು. ಅದೇ ದಾರಿಯಲ್ಲಿ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ, ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಸೋಂಕು) ಆಗುತ್ತದೆ. ಸೋರಿಕೆ ಮುಚ್ಚುವುದು ಮುಖ್ಯವಾಗಿ ಇದನ್ನು ತಡೆಯುವುದಕ್ಕೆ. ಮೂಗು ಒಣಗುವುದು ಜೊತೆಗೆ ಸಿಗುವ ಲಾಭ.

ಇದನ್ನು ಬರೆದಿರುವುದು ಇಎನ್‌ಟಿ ಪಿಜಿಗಳಿಗೆ ಮತ್ತು ಥಿಯೇಟರಿನಲ್ಲಿ ಜೊತೆಗಿರುವವರಿಗೆ. ಅನುಭವಿ ಸರ್ಜನ್ ಪಕ್ಕದಲ್ಲಿ ನಿಂತಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಮುಚ್ಚಲು ಫ್ಯಾಟ್ (ಕೊಬ್ಬು) ಒಳ್ಳೆಯದೋ ಫೇಷಿಯಾ (ಸ್ನಾಯುವಿನ ಹೊದಿಕೆ) ಒಳ್ಳೆಯದೋ, ಯಾವ ಕಂಪನಿಯ ಅಂಟು ಎಂದು ನಡೆಯುವ ಚರ್ಚೆಗೆ ಸಿಗುವ ಸಮಯದಲ್ಲಿ ಅರ್ಧವನ್ನು ತೂತಿನ ಜಾಗ ಗುರುತಿಸುವುದಕ್ಕೂ ಗ್ರಾಫ್ಟ್ (ತೂತು ಮುಚ್ಚಲು ಹಾಸುವ ತುಂಡು) ಕೂರುವ ಜಾಗ ಕೆರೆಯುವುದಕ್ಕೂ ತಲೆಯೊಳಗಿನ ಒತ್ತಡ ಅಳೆಯುವುದಕ್ಕೂ ಕೊಟ್ಟರೆ ಫಲಿತಾಂಶ ಬೇರೆಯೇ ಇರುತ್ತದೆ. ಸೋತ ಕೇಸುಗಳನ್ನು ಮತ್ತೆ ತೆರೆದು ನೋಡಿದರೆ ತಪ್ಪಿರುವುದು ಬಹುತೇಕ ಈ ಮೂರರಲ್ಲೊಂದೇ.

ಸೋರುತ್ತಿರುವುದು ಸಿಎಸ್‌ಎಫ್ ಹೌದೇ?

ರೋಗಿಯನ್ನು ಕೂರಿಸಿ, ತಲೆ ಮೊಣಕಾಲಿನ ಕಡೆ ಬಗ್ಗಿಸಿ, ಕೆಳಗೆ ಒಂದು ಸ್ಟೆರೈಲ್ ಬಾಟಲಿ ಹಿಡಿಯಿರಿ. ಅರ್ಧದಿಂದ ಒಂದು ಮಿ.ಲೀ. ಸಾಕು. ಬೀಟಾ-2 ಟ್ರಾನ್ಸ್‌ಫರಿನ್ (ಸಿಎಸ್‌ಎಫ್‌ನ ಗುರುತಾದ ಪ್ರೋಟೀನ್) ಪರೀಕ್ಷೆಗೆ ಕಳಿಸಿ, ಜೊತೆಗೆ ರಕ್ತದ ಸೀರಮ್ ಕೂಡ ಕಳಿಸಿ. ಲಿವರ್ ಕಾಯಿಲೆ ಇದ್ದವರಲ್ಲಿ ಈ ಪ್ರೋಟೀನ್ ರಕ್ತದಲ್ಲೂ ಕಾಣಿಸಿಕೊಂಡು ದಾರಿ ತಪ್ಪಿಸಬಹುದು. ಗ್ಲೂಕೋಸ್ ಸ್ಟ್ರಿಪ್ ಅದ್ದಿ ನೋಡುವ ಹಳೆಯ ಅಭ್ಯಾಸವನ್ನು ಬಿಟ್ಟುಬಿಡಿ. ಕಣ್ಣೀರು, ಸಿಂಬಳ ಎರಡರಲ್ಲೂ ಗ್ಲೂಕೋಸ್ ಇರುತ್ತದೆ. ಬಟ್ಟೆಯ ಮೇಲೆ ಉಂಗುರ ಬಿದ್ದಿತು ಎಂಬುದೂ ಅಷ್ಟೆ, ರಕ್ತದ ಜೊತೆ ಯಾವ ನೀರು ಬೆರೆತರೂ ಉಂಗುರ ಬೀಳುತ್ತದೆ.

ವಯಸ್ಕರಲ್ಲಿ ಗಂಟೆಗೆ ಸುಮಾರು 20 ಮಿ.ಲೀ., ದಿನಕ್ಕೆ 500 ಮಿ.ಲೀ. ಸಿಎಸ್‌ಎಫ್ ಉತ್ಪತ್ತಿಯಾಗುತ್ತದೆ, ಯಾವುದೇ ಹೊತ್ತಿನಲ್ಲಿ ತಲೆ ಮತ್ತು ಬೆನ್ನುಹುರಿಯಲ್ಲಿ ಇರುವುದು 150 ಮಿ.ಲೀ. ಆಸುಪಾಸು. ಸೋರಿಕೆ ಬಿಟ್ಟುಬಿಟ್ಟು ಬಂದರೂ ಅಚ್ಚರಿಯಿಲ್ಲ. ಇವತ್ತು ನಿಂತಿದೆ ಎಂದು ರೋಗಿಯನ್ನು ಮನೆಗೆ ಕಳಿಸಿ ಫೈಲ್ ಮುಚ್ಚಬೇಡಿ.

ಅಪಘಾತದಿಂದ ಶುರುವಾದ ಸೋರಿಕೆಗೆ ಮಾತ್ರ ಮೊದಲು ಕಾಯುವುದು ಸರಿ. ಹೆಲ್ಮೆಟ್ ಇಲ್ಲದೆ ಬಿದ್ದ ಬೈಕ್ ಸವಾರರಲ್ಲಿ ಇದನ್ನು ಹೆಚ್ಚು ನೋಡುತ್ತೇವೆ. ತಲೆ ಎತ್ತರಿಸಿ ಮಲಗಿಸಿ, ಮಲ ಸಡಿಲವಾಗಲು ಔಷಧಿ ಕೊಟ್ಟು 7ರಿಂದ 10 ದಿನ ನೋಡಿದರೆ ಬಹುಪಾಲು ತಾನಾಗಿಯೇ ನಿಲ್ಲುತ್ತದೆ. ಈ ಅವಧಿಯಲ್ಲಿ ಸುಮ್ಮನೆ ಆಂಟಿಬಯೋಟಿಕ್ ಕೊಟ್ಟರೆ ಮೆನಿಂಜೈಟಿಸ್ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ತಾನಾಗಿಯೇ ಶುರುವಾದ ಸೋರಿಕೆ, ಅಂದರೆ ಪೆಟ್ಟೂ ಇಲ್ಲದ ಆಪರೇಷನ್ನೂ ಆಗದ ನಡುವಯಸ್ಸಿನ ಸ್ಥೂಲಕಾಯದ ಮಹಿಳೆಯರಲ್ಲಿ ಹೆಚ್ಚಾಗಿ ಕಾಣುವಂಥದ್ದು, ಕಾದರೆ ವಾಸಿಯಾಗುವುದಿಲ್ಲ. ಸೈನಸ್ ಆಪರೇಷನ್ ಮಾಡುತ್ತಿರುವಾಗಲೇ ತೂತಾದದ್ದು ಕಂಡರೆ ಆ ಕ್ಷಣವೇ ಮುಚ್ಚಬೇಕು.

ತೂತು ಎಲ್ಲಿದೆ?

ಮೊದಲು ತೆಳು ಸ್ಲೈಸಿನ ಸಿಟಿ, 1 ಮಿ.ಮೀ.ಗಿಂತ ಕಡಿಮೆಯಾದರೆ ಒಳ್ಳೆಯದು. ಮೂರೂ ದಿಕ್ಕಿನಿಂದ ನೋಡಿ. ಕರೋನಲ್ (ಎದುರಿನಿಂದ ನೋಡಿದಂತೆ ಸೀಳಿದ) ಚಿತ್ರದಲ್ಲಿ ಕ್ರಿಬ್ರಿಫಾರ್ಮ್ ಪ್ಲೇಟ್ (ಮೂಗಿನ ಮೇಲ್ಛಾವಣಿಯಲ್ಲಿ ವಾಸನೆಯ ನರಗಳು ಹಾದುಬರುವ ಮೂಳೆ) ಎಷ್ಟು ಆಳಕ್ಕೆ ಇಳಿದಿದೆ ಅಳೆಯಿರಿ: 1–3 ಮಿ.ಮೀ. ಇದ್ದರೆ ಕೆರೋಸ್ ವರ್ಗೀಕರಣದಲ್ಲಿ ಒಂದು, 4–7 ಎರಡು, 8–16 ಮೂರು. ಮೂರನೆಯದರಲ್ಲಿ ಪಕ್ಕದ ಗೋಡೆ ಉದ್ದವಾಗಿ, ತೆಳ್ಳಗೆ ನಿಂತಿರುತ್ತದೆ. ಕೆಲವು ಕಡೆ ಅದರ ದಪ್ಪ 0.05 ಮಿ.ಮೀ. ಮಾತ್ರ. ಸೈನಸ್ ಆಪರೇಷನ್ನಿನಲ್ಲಿ ತೂತಾಗುವ ಮೆಚ್ಚಿನ ಜಾಗ ಅದೇ.

ಸಿಟಿಯಲ್ಲಿ ಮೂಳೆ ಬಿಟ್ಟುಕೊಂಡಂತೆ ಎರಡು ಮೂರು ಕಡೆ ಕಾಣುವುದುಂಟು. ಎಲ್ಲವೂ ಸೋರುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು, ತೆಳು ಸ್ಲೈಸಿನ ಟಿ2 ಸಿಸ್ಟರ್ನೋಗ್ರಫಿ. ಮೇಲಿನ ಬಿಳಿ ನೀರು ತೂತಿನ ಮೂಲಕ ಸೈನಸ್ಸಿನೊಳಗೆ ಇಳಿದಿರುವುದನ್ನು ಅದರಲ್ಲಿ ಹಿಡಿಯಬಹುದು. ಇನ್ನೂ ಎರಡು ಕಾರಣಕ್ಕೆ ಎಂಆರ್‌ಐ ಬಿಡಬಾರದು. ಸೈನಸ್ಸಿನಲ್ಲಿರುವ ಗಡ್ಡೆ ಪಾಲಿಪ್ಪೋ, ಇಳಿದು ಬಂದ ಮೆದುಳಿನ ಚೀಲವೋ, ಆ ಚೀಲದಲ್ಲಿ ರಕ್ತನಾಳ ಇದೆಯೋ ಎಂದು ತಿಳಿಯದೆ ಬೈಪೋಲಾರ್ (ವಿದ್ಯುತ್ತಿನಿಂದ ಸುಡುವ ಚಿಮುಟ) ಹಿಡಿಯಬಾರದು, ಇದು ಒಂದು. ಇನ್ನೊಂದು, ಒತ್ತಡದ ಸುಳಿವುಗಳು: ಸೆಲ್ಲಾ (ಪಿಟ್ಯುಟರಿ ಗ್ರಂಥಿ ಕೂರುವ ಗುಳಿ) ಖಾಲಿ ಕಾಣುವುದು, ಆಪ್ಟಿಕ್ ನರದ ಸುತ್ತ ನೀರು ಹೆಚ್ಚಿರುವುದು, ಟ್ರಾನ್ಸ್‌ವರ್ಸ್ ಸೈನಸ್ (ಮೆದುಳಿನಿಂದ ರಕ್ತ ಹೊರಹೋಗುವ ನಾಳ) ಎರಡೂ ಬದಿ ಕಿರಿದಾಗಿರುವುದು. ಇವು ಕಂಡರೆ ನಿಮ್ಮ ಕೇಸು ತೂತು ಮುಚ್ಚುವುದರೊಂದಿಗೆ ಮುಗಿಯುವುದಿಲ್ಲ.

ತೂತಿನ ಜಾಗ ಗೊತ್ತಾಗದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚಿರುವ ಅನುಮಾನವಿದ್ದರೆ ಫ್ಲೋರೆಸಿನ್ ಎಂಬ ಹಸಿರು ಬಣ್ಣ. ಬೆನ್ನಿನಿಂದ 10 ಮಿ.ಲೀ. ಸಿಎಸ್‌ಎಫ್ ತೆಗೆದು, ಅದರಲ್ಲಿ ಪ್ರಿಸರ್ವೇಟಿವ್ ಇಲ್ಲದ 10% ಫ್ಲೋರೆಸಿನ್ 0.1 ಮಿ.ಲೀ., ಅಂದರೆ 10 ಮಿ.ಗ್ರಾಂ ಬೆರೆಸಿ, ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ನಿಧಾನವಾಗಿ ವಾಪಸು ಕೊಡುವುದು. ಇಲ್ಲಿ ಅವಸರವೇ ಅಪಾಯ. ಕಣ್ಣಿನ ಆಂಜಿಯೋಗ್ರಫಿಗೆ ಬಳಸುವ 20% ಆಂಪೂಲ್ ಕೂಡ ಮಾರುಕಟ್ಟೆಯಲ್ಲಿದೆ. ಅದರಿಂದ 0.1 ಮಿ.ಲೀ. ಎಳೆದರೆ ಡೋಸ್ ಎರಡರಷ್ಟಾಯಿತು. ಫಿಟ್ಸ್, ಕಾಲಿನ ಬಲಹೀನತೆಯಂಥ ತೊಂದರೆಗಳು ವರದಿಯಾಗಿರುವುದು ಹೆಚ್ಚಾಗಿ ದೊಡ್ಡ ಡೋಸಿನಲ್ಲಿ ಮತ್ತು ವೇಗವಾಗಿ ಕೊಟ್ಟಾಗ. ಆಂಪೂಲಿನ ಮೇಲಿನ ಶೇಕಡಾವಾರನ್ನು ಇಬ್ಬರು ಗಟ್ಟಿಯಾಗಿ ಓದಬೇಕು. ಬೆನ್ನಿಗೆ ಕೊಡುವುದು ಈ ಔಷಧಿಯ ಲೇಬಲ್ಲಿನಲ್ಲಿಲ್ಲದ ಬಳಕೆ, ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಬೇರೆಯಾಗಿ ಬರೆಸಿಕೊಳ್ಳಿ. ಬಣ್ಣ ಮೇಲೇರಲು ಕನಿಷ್ಠ ಅರ್ಧ ಗಂಟೆ ಬೇಕು.

ಇನ್ನೊಂದು ಸಣ್ಣ ವಿಷಯ. ಮೂಗಿಗೆ ಇಡುವ 1:1000 ಅಡ್ರಿನಲಿನ್ ಯಾರೂ ಚುಚ್ಚದಿರಲಿ ಎಂದು ಕೆಲವು ಥಿಯೇಟರುಗಳಲ್ಲಿ ಅದಕ್ಕೆ ಫ್ಲೋರೆಸಿನ್ ಬಣ್ಣ ಹಾಕಿಡುತ್ತಾರೆ. ಒಳ್ಳೆಯ ಅಭ್ಯಾಸ, ಆದರೆ ಈ ಕೇಸಿನ ದಿನ ಬೇಡ. ಮೂಗೆಲ್ಲ ಹಸಿರಾದ ಮೇಲೆ ಸೋರಿಕೆ ಎಲ್ಲಿ ಹುಡುಕುತ್ತೀರಿ?

ಅರಿವಳಿಕೆ

ಅನೆಸ್ತೆಟಿಸ್ಟ್ ಜೊತೆ ಹಿಂದಿನ ದಿನವೇ ಮಾತಾಡಿ. ಮಾಸ್ಕಿನಿಂದ ಜೋರಾಗಿ ಗಾಳಿ ಒತ್ತಿದರೆ ಅದು ತೂತಿನ ಮೂಲಕ ತಲೆಯೊಳಗೆ ಹೋಗುತ್ತದೆ. ಮಾಸ್ಕಿನಲ್ಲಿ ರೋಗಿಯೇ ಉಸಿರಾಡಿ ಆಕ್ಸಿಜನ್ ತುಂಬಿಕೊಳ್ಳಲಿ, ಆಮೇಲೆ ಬ್ಯಾಗ್ ಒತ್ತದೆ ನೇರ ಟ್ಯೂಬ್ ಹಾಕುವುದು. ನೈಟ್ರಸ್ ಆಕ್ಸೈಡ್ ಬೇಡ. ಮೂಗಿನಿಂದ ಯಾವ ಟ್ಯೂಬೂ ಬೇಡ, ಹೊಟ್ಟೆ ಖಾಲಿ ಮಾಡುವುದಿದ್ದರೂ ಬಾಯಿಂದಲೇ. ತಲೆ ಕಡೆ 15–20 ಡಿಗ್ರಿ ಎತ್ತರಿಸಿದರೆ ರಕ್ತ ಕಡಿಮೆ. ಆಂಟಿಬಯೋಟಿಕ್ ಮೊದಲ ಡೋಸ್ ಅರಿವಳಿಕೆ ಕೊಡುವಾಗಲೇ ಹೋಗಿರಲಿ. ಗಂಟಲಿಗೆ ಪ್ಯಾಕ್ ಇಟ್ಟರೆ ಬೋರ್ಡಿನ ಮೇಲೆ ಬರೆಯಿರಿ.

ಹೊರತೊಡೆ ಅಥವಾ ಹೊಟ್ಟೆ, ಮತ್ತು ಕಿವಿಯ ಹಾಲೆ, ಮೂಗಿನ ಜೊತೆಗೇ ಕ್ಲೀನ್ ಮಾಡಿ ಬಟ್ಟೆ ಮುಚ್ಚಿಡಿ. ತೂತು ಎಣಿಸಿದ್ದಕ್ಕಿಂತ ದೊಡ್ಡದಿದೆ ಎಂದು ನಡುವೆ ಗೊತ್ತಾದಾಗ ಡ್ರೇಪ್ ಎಲ್ಲ ಬಿಚ್ಚಿ ತೊಡೆ ಹುಡುಕುವ ಪರಿಸ್ಥಿತಿ ಬರಬಾರದು.

ತೂತಿನವರೆಗೆ

4 ಮಿ.ಮೀ. ಸ್ಕೋಪುಗಳಲ್ಲಿ 0 ಮತ್ತು 30 ಡಿಗ್ರಿ ಎಲ್ಲ ಕೇಸಿಗೂ ಬೇಕು. ಮೂಗಿನ ಆಳದಲ್ಲಿರುವ ಸ್ಫಿನಾಯ್ಡ್ ಸೈನಸ್ಸಿನ ಪಕ್ಕದ ಮೂಲೆಗೂ ಹಣೆಯ ಫ್ರಾಂಟಲ್‌ಗೂ 45 ಅಥವಾ 70.

ಕ್ರಿಬ್ರಿಫಾರ್ಮ್ ಸೋರಿಕೆಗೆ ಮಿಡಲ್ ಟರ್ಬಿನೇಟ್ (ಮೂಗಿನ ಪಕ್ಕದ ಗೋಡೆಯಿಂದ ಚಾಚಿದ ಮೂಳೆ) ಮತ್ತು ಸೆಪ್ಟಮ್ (ಮೂಗಿನ ನಡುಗೋಡೆ) ನಡುವೆಯೇ ನೇರ ಹೋಗಬಹುದು. ಎತ್‌ಮಾಯ್ಡ್ (ಎರಡು ಕಣ್ಣುಗಳ ನಡುವಿನ ಸೈನಸ್) ಮೇಲ್ಛಾವಣಿಯ ತೂತಿಗೆ ಪೂರ್ತಿ ಎತ್‌ಮಾಯ್ಡೆಕ್ಟಮಿ ಮಾಡಿ, ಸುತ್ತಲಿನ ಸೈನಸ್ ಬಾಯಿಗಳನ್ನೂ ತೆರೆದುಬಿಡಿ. ಆಮೇಲೆ ಹಾಕುವ ಪ್ಯಾಕು ಅವನ್ನು ಅಡಚಿದರೆ ಒಳಗೆ ಕೀವು ನಿಲ್ಲುತ್ತದೆ. ಮುಂದಿನ ಎತ್‌ಮಾಯ್ಡ್ ರಕ್ತನಾಳ ಇಲ್ಲೇ ಅಡ್ಡ ಹಾದುಹೋಗುತ್ತದೆ. ಅದು ತುಂಡಾಗಿ ಕಣ್ಣುಗುಳಿಯೊಳಗೆ ಸರಿದುಕೊಂಡರೆ ನಿಮಿಷಗಳಲ್ಲಿ ಕಣ್ಣು ಊದಿ ದೃಷ್ಟಿಗೇ ಕುತ್ತು. ಅದಕ್ಕಾಗಿ ಕಣ್ಣುಗಳನ್ನು ಡ್ರೇಪಿನಿಂದ ಮುಚ್ಚದೆ ಕಾಣುವಂತೆ ಬಿಡುವುದು.

ಕಷ್ಟದ ಜಾಗ ಸ್ಫಿನಾಯ್ಡಿನ ಪಕ್ಕದ ಮೂಲೆ. ನಡುವಿನಿಂದ ಬಗ್ಗಿ ನೋಡಿ, ಬಾಗಿದ ಉಪಕರಣದಿಂದ ಅಂದಾಜಿನಲ್ಲಿ ಗ್ರಾಫ್ಟ್ ತಳ್ಳಿದ ಕೇಸುಗಳು ಮತ್ತೆ ಸೋರುತ್ತವೆ. ಕೆನ್ನೆಯ ಮ್ಯಾಕ್ಸಿಲರಿ ಸೈನಸ್ ಅಗಲವಾಗಿ ತೆರೆದು, ಅದರ ಹಿಂದಿನ ಗೋಡೆ ತೆಗೆದು, ಅದರಾಚೆಯ ಮೃದು ಅಂಗಾಂಶವನ್ನು ಚೀಲದಂತೆಯೇ ಪಕ್ಕಕ್ಕೆ ಸರಿಸಿ, ಟೆರಿಗಾಯ್ಡ್ ಬುಡವನ್ನು ಡ್ರಿಲ್ ಮಾಡಿ ತೂತಿನ ಎದುರಿಗೇ ಬರುವ ಟ್ರಾನ್ಸ್‌ಟೆರಿಗಾಯ್ಡ್ ದಾರಿ ಉದ್ದವಾದರೂ ಅದೇ ಸರಿ. ವಿಡಿಯನ್ ನರ ಹೋದರೆ ಆ ಬದಿಯ ಕಣ್ಣು ಒಣಗುತ್ತದೆ, ಮ್ಯಾಕ್ಸಿಲರಿ ನರಕ್ಕೆ ಪೆಟ್ಟಾದರೆ ಕೆನ್ನೆ ಜೋಮು ಹಿಡಿಯುತ್ತದೆ. ಇದನ್ನು ರೋಗಿಗೆ ಮೊದಲೇ ಹೇಳಿರಬೇಕು.

ಎದುರಿಗೆ ಬಂದ ಮೇಲೆ ರಕ್ತ ಪೂರ್ತಿ ನಿಲ್ಲಿಸಿ, ಬಿಸಿ ಸಲೈನಿನಿಂದ ತೊಳೆದು, ಸುಮ್ಮನೆ ಒಂದು ನಿಮಿಷ ನೋಡಿ. ಬಡಿತಕ್ಕೆ ತಕ್ಕಂತೆ ತಿಳಿನೀರು ರಕ್ತವನ್ನು ಪಕ್ಕಕ್ಕೆ ಸರಿಸುತ್ತ ಬರುತ್ತದೆ. ಬರದಿದ್ದರೆ ಅನೆಸ್ತೆಟಿಸ್ಟಿಗೆ ಶ್ವಾಸಕೋಶದ ಒತ್ತಡವನ್ನು ಕೆಲ ಸೆಕೆಂಡು ಏರಿಸಿ ಹಿಡಿಯಲು ಹೇಳಿ. ಒಂದು ತೂತು ಸಿಕ್ಕಿತೆಂದು ನಿಲ್ಲಿಸದೆ ಪಕ್ಕದ್ದನ್ನೂ ನೋಡಿ.

ಗ್ರಾಫ್ಟ್ ಕೂರುವ ಜಾಗ

ಇಳಿದು ಬಂದ ಚೀಲವನ್ನು ಒಳಕ್ಕೆ ತಳ್ಳಬೇಡಿ. ಮೂಗಿನ ಸೋಂಕು ಅದರ ಜೊತೆಗೆ ಒಳಗೆ ಹೋಗುತ್ತದೆ. ಬೈಪೋಲಾರ್ ಅಥವಾ ಕೊಬ್ಲೇಷನ್ನಿನಿಂದ ಬುಡದವರೆಗೆ ಸ್ವಲ್ಪಸ್ವಲ್ಪವಾಗಿ ಸುಟ್ಟು ಕುಗ್ಗಿಸಿ. ಎಳೆಯುವುದು, ಕತ್ತರಿಸುವುದು ಎರಡೂ ಬೇಡ. ಒಳಗೆ ರಕ್ತ ಕಿತ್ತುಕೊಂಡರೆ ಅದನ್ನು ಹಿಡಿಯಲು ನಿಮಗೆ ದಾರಿ ಇಲ್ಲ.

ಆಮೇಲೆ ತೂತಿನ ಸುತ್ತ ಕನಿಷ್ಠ 5 ಮಿ.ಮೀ. ಲೋಳೆಪೊರೆ ಪೂರ್ತಿ ಕೆರೆದು ಮೂಳೆ ಬರಿದಾಗಿಸಿ. ಗ್ರಾಫ್ಟ್ ಅಂಟುವುದು ಬರೀ ಮೂಳೆಗೆ, ಲೋಳೆ ಸುರಿಸುವ ಪೊರೆಗಲ್ಲ. ಕೆಳಗೆ ಒಂದು ತುಣುಕು ಪೊರೆ ಉಳಿದುಬಿಟ್ಟರೂ ಗ್ರಾಫ್ಟ್ ಎದ್ದುಬರುತ್ತದೆ, ಅಥವಾ ವರ್ಷಗಳ ನಂತರ ಅಲ್ಲೊಂದು ಮ್ಯೂಕೋಸೀಲ್ (ಲೋಳೆ ತುಂಬಿದ ಚೀಲ). ಮೂಳೆಯ ಮೇಲ್ಮೈಯನ್ನು ಕ್ಯುರೆಟ್ ಅಥವಾ ಡೈಮಂಡ್ ಬರ್ ನಿಂದ ಲಘುವಾಗಿ ಒರಟು ಮಾಡಿದರೆ ಇನ್ನೂ ಒಳ್ಳೆಯದು. ಈಗ ತೂತನ್ನು ಅಳೆಯಿರಿ. ಸ್ಕೋಪಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುವುದರಿಂದ ಕಣ್ಣಂದಾಜು ನಂಬಬೇಡಿ. ಪೇಪರ್ ರೂಲರಿನ ತುಂಡೊಂದನ್ನು ಒಳಗಿಟ್ಟು ನೋಡಿ.

ಮುಚ್ಚುವುದು

5 ಮಿ.ಮೀ.ಗಿಂತ ಚಿಕ್ಕ ತೂತಿಗೆ ಮಿಡಲ್ ಟರ್ಬಿನೇಟ್ ಅಥವಾ ಮೂಗಿನ ತಳದಿಂದ ತೆಗೆದ ಲೋಳೆಪೊರೆ ಒಂದೇ ಪದರ ಹಾಸಿದರೂ ಸಾಕಾಗುತ್ತದೆ. ತೂತಿಗಿಂತ ಎಲ್ಲ ಕಡೆ ದೊಡ್ಡದಾಗಿ ಕತ್ತರಿಸಿ, ಒಣಗುತ್ತ ಅದು ಶೇ. 20–30ರಷ್ಟು ಕುಗ್ಗುತ್ತದೆ. ಕತ್ತರಿಸುವ ಮೊದಲೇ ಪೊರೆಯ ಹೊರಮುಖಕ್ಕೆ ಮಾರ್ಕರಿನಿಂದ ಚುಕ್ಕೆ ಇಡಿ. ತೆಗೆದು ಬಟ್ಟಲಿನಲ್ಲಿ ಇಟ್ಟ ಮೇಲೆ ಯಾವ ಮುಖ ಯಾವುದು ಎಂದು ಗೊತ್ತಾಗುವುದಿಲ್ಲ, ತಿರುಗಿಸಿ ಹಾಸಿದರೆ ಲೋಳೆ ಮೂಳೆಯ ಕಡೆ ಸುರಿಯುತ್ತದೆ. ಚುಕ್ಕೆ ಮೂಗಿನ ಕಡೆಗೆ ಕಾಣುತ್ತಿರಬೇಕು.

ಇದಕ್ಕಿಂತ ದೊಡ್ಡದಕ್ಕೆ, ಹೆಚ್ಚುಕಡಿಮೆ 12 ಮಿ.ಮೀ. ವರೆಗೆ, ಬಾತ್ ಪ್ಲಗ್ ಎಂದು ಕರೆಯುವ ಕೊಬ್ಬಿನ ಬಿರಡೆ ಬಹಳ ನಂಬಿಗಸ್ತ. ಕಿವಿಹಾಲೆಯ ಕೊಬ್ಬು ಹೊಟ್ಟೆಯದಕ್ಕಿಂತ ಗಟ್ಟಿ, ಕಾಳುಕಾಳಾಗಿ ಒಡೆಯುವುದಿಲ್ಲ. ತೂತಿನಷ್ಟೇ ದಪ್ಪ, ಒಂದೂವರೆಯಿಂದ ಎರಡು ಸೆಂ.ಮೀ. ಉದ್ದದ ತುಂಡು ತೆಗೆದುಕೊಳ್ಳಿ. 4-0 ವಿಕ್ರಿಲ್ ದಾರವನ್ನು ಒಂದು ತುದಿಯಲ್ಲಿ ಗಂಟು ಹಾಕಿ, ತುಂಡಿನ ಉದ್ದಕ್ಕೂ ಪೋಣಿಸಿ ಇನ್ನೊಂದು ತುದಿಯಿಂದ ಹೊರತೆಗೆಯಿರಿ. ಗಂಟಿರುವ ತುದಿಯನ್ನು ತೂತಿಗೆ ಇಟ್ಟು, ಮೊಂಡು ಪ್ರೋಬಿನಿಂದ ಮೆಲ್ಲಗೆ ಸ್ವಲ್ಪಸ್ವಲ್ಪವೇ ಒಳಕ್ಕೆ ಕೊಡಿ. ತೂತಿನ ಅಂಚಿನ ಒಳಗೆ ಹೆಚ್ಚು ಆಳಕ್ಕೆ ಪ್ರೋಬ್ ಹೋಗಬಾರದು. ಕೊಬ್ಬು ಪೂರ್ತಿ ಒಳಸೇರಿದ ಮೇಲೆ ಒಂದು ಕೈಯಲ್ಲಿ ಪ್ರೋಬಿನ ಆಸರೆ ಕೊಟ್ಟು ಇನ್ನೊಂದರಲ್ಲಿ ದಾರ ಎಳೆದರೆ ತುಂಡು ಒಳಗೆ ಅಗಲವಾಗಿ ಹರಡಿ ಬಿಗಿಯಾಗುತ್ತದೆ. ಸೋರಿಕೆ ಆ ಕ್ಷಣವೇ ನಿಲ್ಲಬೇಕು. ನಿಲ್ಲದಿದ್ದರೆ ತುಂಡು ಸಣ್ಣದಾಯಿತು ಎಂದರ್ಥ, ಮೇಲೆ ಅಂಟು ಸುರಿದು ಸಮಾಧಾನ ಪಡಬೇಡಿ, ತೆಗೆದು ಬೇರೆ ಹಾಕಿ. ನಿಂತ ಮೇಲೆ ಅದೇ ದಾರದ ಮೇಲೆ ಲೋಳೆಪೊರೆಯ ಗ್ರಾಫ್ಟ್ ಪೋಣಿಸಿ ಮೇಲಕ್ಕೆ ಜಾರಿಸಿ ಹಾಸಿ, ದಾರ ಕತ್ತರಿಸಿ.

ಒಂದು ಸೆಂ.ಮೀ.ಗಿಂತ ದೊಡ್ಡ ತೂತು, ಮೇಲೆ ಒತ್ತಡವೂ ಹೆಚ್ಚಿದ್ದರೆ, ಬರೀ ಮೃದು ಗ್ರಾಫ್ಟ್ ಉಬ್ಬಿ ಇಳಿಯುತ್ತದೆ. ಡ್ಯೂರಾವನ್ನು (ಮೆದುಳಿನ ಹೊರಹೊದಿಕೆ) ಮೂಳೆಯಿಂದ ಸುತ್ತಲೂ ಕೆಲವು ಮಿ.ಮೀ. ಬಿಡಿಸಿ, ಅಲ್ಲಿ ಸೆಪ್ಟಮ್ಮಿನ ಕಾರ್ಟಿಲೇಜ್ ಅಥವಾ ಮೂಳೆ ಒಳಸೇರಿಸಿ, ಹೊರಗಿನಿಂದ ಫೇಷಿಯಾ ಲಾಟಾ (ತೊಡೆಯ ಸ್ನಾಯುವಿನ ಹೊದಿಕೆ), ಅದರ ಮೇಲೆ ಪೊರೆ. ಆದರೆ ಕ್ರಿಬ್ರಿಫಾರ್ಮಿನಲ್ಲಿ ವಾಸನೆಯ ನರಗಳ ಎಳೆಗಳು ಡ್ಯೂರಾವನ್ನು ಹಿಡಿದುಕೊಂಡಿರುತ್ತವೆ, ಬಿಡಿಸಲು ಹೋದರೆ ತೂತು ಇನ್ನಷ್ಟು ಹರಿಯುತ್ತದೆ, ಅಲ್ಲಿ ಹೊರಗಿನಿಂದ ಹಾಸುವುದೇ ಲೇಸು. ಸ್ಫಿನಾಯ್ಡಿನಲ್ಲಿ ಕ್ಯಾರೋಟಿಡ್ ರಕ್ತನಾಳ, ಆಪ್ಟಿಕ್ ನರದ ಹತ್ತಿರ ಗಟ್ಟಿ ಚೂರನ್ನು ತಳ್ಳಬಾರದು. ಒಳಗೋ ಹೊರಗೋ ಎಂಬುದರಿಂದ ಒಟ್ಟು ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ, ಜಾಗ ಹೇಳಿದಂತೆ ಕೇಳಿ.

ಎರಡು ಮೂರು ಸೆಂ.ಮೀ. ತೂತು, ಪಿಟ್ಯುಟರಿ ಅಥವಾ ಸ್ಕಲ್ ಬೇಸ್ ಗಡ್ಡೆ ತೆಗೆದ ನಂತರದ ಜೋರು ಸೋರಿಕೆ, ರೇಡಿಯೇಷನ್ ಆಗಿರುವ ಜಾಗ, ಇವಕ್ಕೆಲ್ಲ ರಕ್ತಸಂಚಾರವಿರುವ ನೇಸೋಸೆಪ್ಟಲ್ ಫ್ಲಾಪ್ (ಬುಡ ಬಿಡಿಸದೆ ಸೆಪ್ಟಮ್ಮಿನಿಂದ ಎತ್ತಿದ ಪೊರೆ). ಅರ್ಜೆಂಟೀನಾದ ಹದಾದ್ ಮತ್ತು ಬಸ್ಸಗಾಸ್ಟೆಗಿ ಅವರ ಈ ಫ್ಲಾಪ್ 2006ರಲ್ಲಿ ಪ್ರಕಟವಾದ ಮೇಲೆ ದೊಡ್ಡ ತೂತುಗಳ ಲೆಕ್ಕವೇ ಬದಲಾಯಿತು. ಇದರ ಜೀವ ಇರುವುದು ಸ್ಫಿನಾಯ್ಡ್ ಬಾಯಿ ಮತ್ತು ಕೊಯಾನಾ (ಮೂಗು ಗಂಟಲಿಗೆ ತೆರೆಯುವ ಹಿಂಬಾಗಿಲು) ಕಮಾನಿನ ನಡುವೆ ಹಾದುಬರುವ ಸ್ಫಿನೋಪ್ಯಾಲಟೈನ್ ರಕ್ತನಾಳದ ಕವಲಿನಲ್ಲಿ. ಮೇಲಿನ ಗೆರೆ ವಾಸನೆಯ ಜಾಗ ಉಳಿಯುವಂತೆ ಸೆಪ್ಟಮ್ಮಿನ ತುದಿಗಿಂತ 1–2 ಸೆಂ.ಮೀ. ಕೆಳಗೆ, ಕೆಳಗಿನ ಗೆರೆ ಕೊಯಾನಾ ಅಂಚಿನಿಂದ ಮೂಗಿನ ತಳದವರೆಗೆ, ಮುಂದೆ ಎರಡನ್ನೂ ಲಂಬವಾಗಿ ಕೂಡಿಸುವುದು. ಗಡ್ಡೆ ತೆಗೆಯುವ ಮುಂಚೆಯೇ ಫ್ಲಾಪ್ ಎತ್ತಿ ಗಂಟಲ ಹಿಂದೆ ಮಡಚಿಡಬೇಕು, ಇಲ್ಲದಿದ್ದರೆ ಸ್ಫಿನಾಯ್ಡ್ ತೆರೆಯುವಾಗಲೇ ಬುಡ ಕತ್ತರಿಸಿಹೋಗುತ್ತದೆ.

ಕೊನೆಗೆ ಅಂಚುಗಳ ಮೇಲೆ ಸರ್ಜಿಸೆಲ್ (ರಕ್ತ ನಿಲ್ಲಿಸುವ ಬಟ್ಟೆ), ತೆಳುವಾಗಿ ಫೈಬ್ರಿನ್ ಅಂಟು, ಅದರ ಮೇಲೆ ಜೆಲ್‌ಫೋಮ್ (ಕರಗುವ ಸ್ಪಂಜು) ತುಂಡುಗಳು, ಆಮೇಲೆ ಮೆರೋಸೆಲ್ (ಮೂಗಿಗೆ ತುಂಬುವ ಸ್ಪಂಜಿನ ಪ್ಯಾಕ್). ಜೆಲ್‌ಫೋಮ್ ಬಿಟ್ಟು ಮೆರೋಸೆಲ್ ನೇರ ಇಟ್ಟರೆ ತೆಗೆಯುವ ದಿನ ಗ್ರಾಫ್ಟ್ ಅದರ ಜೊತೆಗೇ ಬರುತ್ತದೆ. ಅಂಟು ಗ್ರಾಫ್ಟಿನ ಕೆಳಗೆ ನುಗ್ಗಬಾರದು, ಅದು ಮೂಳೆಯನ್ನು ಗ್ರಾಫ್ಟಿನಿಂದ ಬೇರೆ ಮಾಡುತ್ತದೆ. ಟ್ಯೂಬ್ ತೆಗೆಯುವಾಗ ಕೆಮ್ಮದಂತೆ, ತೆಗೆದ ಮೇಲೂ ಮಾಸ್ಕ್ ಒತ್ತದಂತೆ ಅನೆಸ್ತೆಟಿಸ್ಟಿಗೆ ಇನ್ನೊಮ್ಮೆ ನೆನಪಿಸಿ.

ವಾರ್ಡಿನಲ್ಲಿ, ಆಮೇಲೆ ಮನೆಯಲ್ಲಿ

ತಲೆ 30 ಡಿಗ್ರಿ ಎತ್ತರ, ಒಂದೆರಡು ದಿನ ಹಾಸಿಗೆ. ಮಲಬದ್ಧತೆಯ ಔಷಧಿ ಮೊದಲ ದಿನದಿಂದ. ನಾಲ್ಕರಿಂದ ಆರು ವಾರ ಮೂಗು ಸೀದುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ತುಂಬಿದ ಕೊಡ, ಸಿಲಿಂಡರ್, ಮಗು ಎತ್ತುವಂತಿಲ್ಲ, ಬಗ್ಗಿ ನೆಲ ಒರೆಸುವಂತಿಲ್ಲ. ಕೊನೆಯದನ್ನು ಮನೆಯವರಿಗೇ ಹೇಳಿ, ರೋಗಿಗೆ ಹೇಳಿದರೆ ಮೂರನೇ ದಿನ ಅಡುಗೆಮನೆಯಲ್ಲಿರುತ್ತಾರೆ. ನಿದ್ರೆಗೆ ಸಿಪಾಪ್ ಯಂತ್ರ ಬಳಸುವವರು ಸರ್ಜನ್ ಒಪ್ಪುವವರೆಗೆ ಬಳಸಬಾರದು. ನ್ಯೂಮೋಕಾಕಲ್ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿ.

ಲಂಬಾರ್ ಡ್ರೈನ್ (ಬೆನ್ನಿನಿಂದ ಸಿಎಸ್‌ಎಫ್ ಹೊರತೆಗೆಯುವ ಕೊಳವೆ) ಎಲ್ಲರಿಗೂ ಬೇಕಿಲ್ಲ. ಹಾಕಿದರೆ ಗಂಟೆಗೆ 5–10 ಮಿ.ಲೀ. ಮಾತ್ರ. ಹಾಸಿಗೆ ಎತ್ತರ ಬದಲಿಸುವ ಮುನ್ನ ಕ್ಲಾಂಪ್ ಹಾಕದಿದ್ದರೆ ಅರ್ಧ ಗಂಟೆಯಲ್ಲಿ ಬಾಟಲಿ ತುಂಬುತ್ತದೆ, ತಲೆಯೊಳಗೆ ಗಾಳಿ ಎಳೆದುಕೊಳ್ಳುತ್ತದೆ. ರಾತ್ರಿ ಪಾಳಿಯ ಸಿಸ್ಟರಿಗೆ ಇದನ್ನು ಎದುರಿಗೆ ನಿಂತು ಹೇಳಬೇಕಾದ ಮಾತು.

ಪ್ಯಾಕ್ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ. ಸಲೈನಿನಲ್ಲಿ ಚೆನ್ನಾಗಿ ನೆನೆಸಿ, ನಿಧಾನವಾಗಿ. ಮೊದಲ ಎಂಡೋಸ್ಕೋಪಿಗಳಲ್ಲಿ ಗ್ರಾಫ್ಟಿನ ಮೇಲಿನ ಹೊಪ್ಪಳೆಗೆ ಕೈ ಹಾಕಬೇಡಿ, ಎಷ್ಟೇ ಕೊಳಕಾಗಿ ಕಂಡರೂ. ಸುತ್ತಲಿನದನ್ನು ಮಾತ್ರ ಸ್ವಚ್ಛ ಮಾಡಿ.

ತಾನಾಗಿ ಸೋರಿದವರಲ್ಲಿ ನಿಜವಾದ ಕೆಲಸ ಶುರುವಾಗುವುದು ಈಗ. ಸೋರುತ್ತಿದ್ದಾಗ ಆ ತೂತೇ ಒತ್ತಡ ಇಳಿಸುವ ದಾರಿಯಾಗಿತ್ತು, ಆಗ ಅಳೆದರೆ ಮಾಮೂಲಾಗಿ ಬಂದಿರಬಹುದು. ಮುಚ್ಚಿದ ಮೇಲೆ ಏರುತ್ತದೆ. ಡ್ರೈನ್ ಇದ್ದರೆ ಒಂದೆರಡು ದಿನ ಕಳೆದು ಮುಚ್ಚಿಟ್ಟು ಅಳೆಯಿರಿ, ಇಲ್ಲವೇ ಲಂಬಾರ್ ಪಂಕ್ಚರ್ ಮಾಡಿ. 25 ಸೆಂ.ಮೀ. ನೀರಿನ ಮಟ್ಟ ಮೀರಿದರೆ ಅಸೆಟಜೋಲಮೈಡ್, 250ರಿಂದ 500 ಮಿ.ಗ್ರಾಂ ದಿನಕ್ಕೆರಡು ಸಲ. ಪೊಟ್ಯಾಷಿಯಂ, ಬೈಕಾರ್ಬೊನೇಟ್, ಕಿಡ್ನಿ ನೋಡುತ್ತಿರಿ. ಬೆರಳು ಜುಮುಗುಡುವುದನ್ನು ಮೊದಲೇ ಹೇಳದಿದ್ದರೆ ರೋಗಿ ತಾನೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. 35 ಮೀರಿದರೆ ಅಥವಾ ಮಾತ್ರೆಗೆ ಬಗ್ಗದಿದ್ದರೆ ನ್ಯೂರೋಸರ್ಜನ್ ಜೊತೆ ಶಂಟ್ (ಹೆಚ್ಚಾದ ನೀರನ್ನು ಬೇರೆಡೆಗೆ ಹರಿಸುವ ಕೊಳವೆ) ಬಗ್ಗೆ ಮಾತಾಡಿ. ಕಣ್ಣಿನ ನರದ ಊತ ನೋಡಿಸಿ, ತೂಕ ಇಳಿಸುವುದಕ್ಕೆ ಡಯಟಿಷಿಯನ್ ಬಳಿ ಕಳಿಸಿ, ಗೊರಕೆ ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ.

ಮತ್ತೆ ಸೋರಿದರೆ

ಮೊದಲ ಸಲಕ್ಕೇ ನೂರರಲ್ಲಿ 90ರ ಸುಮಾರು ಕೇಸು ನಿಲ್ಲುತ್ತವೆ, ಎರಡನೇ ಸಲಕ್ಕೆ ಉಳಿದವುಗಳಲ್ಲಿ ಬಹುಪಾಲು. ಮೊದಲ ವಾರದಲ್ಲೇ ಸೋರಿದರೆ ಗ್ರಾಫ್ಟ್ ಜಾರಿದೆ ಅಥವಾ ಸಣ್ಣದಾಗಿದೆ ಎಂದು ತಿಳಿದು ಬೇಗ ಒಳಗೆ ನೋಡಿ. ತಿಂಗಳುಗಳ ನಂತರ ಬಂದರೆ ಒತ್ತಡ ಅಳೆದ ಹೊರತು ಮತ್ತೆ ಥಿಯೇಟರಿಗೆ ಹೋಗಬೇಡಿ, ಹೊಸ ತೂತು ಬೇರೆ ಜಾಗದಲ್ಲಿ ಆಗಿರುವ ಸಾಧ್ಯತೆಯೂ ಇದೆ, ಹಾಗಾಗಿ ಹೊಸ ಸಿಟಿ ಬೇಕು. ಜ್ವರ, ಕತ್ತು ಬಿಗಿತ, ಬೆಳಕು ನೋಡಲಾಗದ ತಲೆನೋವು ಬಂದರೆ ಮಾತ್ರ ಪರೀಕ್ಷೆಗಳಿಗೆಲ್ಲ ಕಾಯುವಂತಿಲ್ಲ. ರಕ್ತದ ಕಲ್ಚರ್ ತೆಗೆದು ಮೊದಲ ಡೋಸ್ ಆಂಟಿಬಯೋಟಿಕ್ ಎಮರ್ಜೆನ್ಸಿಯಲ್ಲೇ ಕೊಡಿಸಿ. ಇದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ, ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ ಕೈಗೆ ಸಿಗುವುದು ಆ ಚೀಟಿಯೇ.